ಕಬ್ಬಿನ ದುಡ್ಡಿನ ಊರಲ್ಲಿ ಸಂಬಳದವರ ಮನೆ

ಜಮಖಂಡಿಯ ಹೊಸ ಬಡಾವಣೆಯೊಂದರಲ್ಲಿ 30x40ರ ಪ್ಲಾಟಿನ ಮೇಲೆ ಕಟ್ಟಿದ ಎರಡು ಬೆಡ್‌ರೂಮಿನ ಮನೆಗೆ ಮಾಲೀಕರು ಹೇಳಿದ ದರ 40 ಲಕ್ಷ ರೂಪಾಯಿ. ಅದೇ ಸಾಲಿನಲ್ಲಿ, ಹೆಚ್ಚುಕಡಿಮೆ ಅದೇ ಅಳತೆಯ ಇನ್ನೊಂದು ಮನೆಯ ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ರಟ್ಟು ತೂಗುತ್ತಿತ್ತು. ಬಾಡಿಗೆ ತಿಂಗಳಿಗೆ 9 ಸಾವಿರ. ವರ್ಷಕ್ಕೆ 1.08 ಲಕ್ಷವಾಯಿತು. 40 ಲಕ್ಷ ಹೂಡಿದವರಿಗೆ ಮನೆ ದುಡಿದುಕೊಡುವುದು ಶೇ 2.7 ಮಾತ್ರ, ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸುಮ್ಮನೆ ಕುಳಿತರೂ ಅದರ ಎರಡು ಪಟ್ಟಿಗಿಂತ ಹೆಚ್ಚು ಸಿಗುತ್ತದೆ. ಹುಬ್ಬಳ್ಳಿಯಿಂದ ಸಂಸಾರ ಎತ್ತಿಕೊಂಡು ಈ ಕಡೆ ಬರಲು ಹೊರಟಿದ್ದ ಅಂಕಣಕಾರ ಆ ರಟ್ಟಿನ ಮೇಲಿನ ಫೋನ್ ನಂಬರನ್ನು ಮೊದಲು ಬರೆದುಕೊಂಡ.

ಪತ್ನಿಗೆ ಜಮಖಂಡಿಯ ಕಾಲೇಜಿಗೆ ವರ್ಗವಾಗಿತ್ತು. ಅಂಕಣಕಾರನ ಲೆಕ್ಕಪತ್ರದ ಕೆಲಸಕ್ಕೆ ಗಿರಾಕಿಗಳು ಹೆಚ್ಚಾಗಿ ಮುಧೋಳದವರು. ಮಗಳು ಒಂಬತ್ತನೆಯ ತರಗತಿ, ಜೊತೆಗೆ ಎಪ್ಪತ್ತು ದಾಟಿದ ತಾಯಿ. ಕೆಲಸ ಎರಡು ಊರಲ್ಲಿದ್ದ ಮೇಲೆ ಮನೆ ಮೂರನೆಯದರಲ್ಲಿದ್ದರೂ ನಡೆದೀತು ಎಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ನಾಲ್ಕನ್ನೂ ನೋಡುವುದೆಂದಾಯಿತು. ನಾಲ್ಕೂ ಬಾಗಲಕೋಟೆ ಜಿಲ್ಲೆಯವೇ, ಕೃಷ್ಣಾ–ಘಟಪ್ರಭಾ ನೀರಿನ ಸೀಮೆಯವೇ. ಆದರೂ ಮನೆ ಕೇಳುತ್ತ ಹೋದರೆ ಒಂದೊಂದು ಊರಿಗೆ ದುಡ್ಡು ಒಂದೊಂದು ಕಡೆಯಿಂದ ಬರುವುದು ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆಂದು ಗೊತ್ತಾಗದ ಹೊರತು ಹೇಳಿದ ದರ ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದಿಲ್ಲ.

ಜಮಖಂಡಿಗೆ ಅದು ಬರುವುದು ಕಬ್ಬಿನಿಂದ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿದರು. ಎರಡು ವರ್ಷದ ನಂತರ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ನೀರಿಗೆ ಇಲ್ಲಿ ಅಷ್ಟು ತೂಕ. ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ನಿಂತಿತು, ಜೋಳದ ಹೊಲಕ್ಕೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಕಬ್ಬಿನ ಬಿಲ್ಲು ಕೈಗೆ ಬಂದ ರೈತ ಮ್ಯೂಚುವಲ್ ಫಂಡು ಹುಡುಕಿಕೊಂಡು ಹೋಗುವುದು ಕಡಿಮೆ. ತಾಲ್ಲೂಕು ಕೇಂದ್ರದಲ್ಲೊಂದು ಪ್ಲಾಟು ಹಿಡಿಯುತ್ತಾನೆ. ಅದಕ್ಕೆ ಬಾಡಿಗೆ ಬರಲಿ, ಬಿಡಲಿ, ಅವನಿಗೆ ಚಿಂತೆಯಿಲ್ಲ. ಮಗಳ ಮದುವೆಗೋ ಮಗನ ಓದಿಗೋ ಆದೀತು ಎಂಬ ಲೆಕ್ಕ. ಸಾಲ ಮಾಡಿ ಕೊಳ್ಳುವ ಸಂಬಳದವನು ಪೈಪೋಟಿ ಮಾಡಬೇಕಾದದ್ದು ಕಂತು ಕಟ್ಟುವ ಗೊಡವೆಯೇ ಇಲ್ಲದ ಈ ಗಿರಾಕಿಯ ಜೊತೆ.

ಪೈಪೋಟಿ ದರದಲ್ಲಷ್ಟೇ ಅಲ್ಲ, ದುಡ್ಡಿನ ಬಣ್ಣದಲ್ಲೂ ಇದೆ. ಒಬ್ಬ ದಲಾಲರು ಚಹಾ ಕುಡಿಸಿ, ದನಿ ತಗ್ಗಿಸಿ ಹೇಳಿದರು: “ಸರ, ಕಾಗದದ ಮ್ಯಾಲ ಇಪ್ಪತ್ತೆರಡು ತೋರಸೂಣು. ಉಳದದ್ದು ಕೈಯಾಗ ಕೊಡ್ರಿ.” ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕೊಳ್ಳುಗನಿಗೆ ಇದು ಸಲೀಸು. ಗೃಹಸಾಲ ಪಡೆಯುವವನಿಗೆ ಆಗದ ಮಾತು, ಏಕೆಂದರೆ ಬ್ಯಾಂಕು ಸಾಲ ಕೊಡುವುದು ಕಾಗದದ ಮೇಲಿನ ಬೆಲೆ ನೋಡಿ. ಕಾನೂನಿನ ತೊಡಕೂ ಇದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಂಚಕಾರವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಹೇಳಿದಾಗ ದಲಾಲರು ನಕ್ಕು, ಇನ್ನೊಂದು ಮನೆ ತೋರಿಸಲು ಗಾಡಿ ಶುರು ಮಾಡಿದರು.

ಬೀಳಗಿಯ ಕಥೆ ಬೇರೆ. ಅಲ್ಲಿ ಮಾತೆಲ್ಲ ಮುಳುಗಡೆಯ ಸುತ್ತ. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲಿಸುತ್ತಿರುವುದು 519.60 ಮೀಟರ್ ಮಟ್ಟಕ್ಕೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಅದು 524.256 ಮೀಟರಿಗೆ ಏರಬೇಕು. ಏರಿದರೆ 75,563 ಎಕರೆ ಜಮೀನು ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಜಮೀನಿಗೆ ಪರಿಹಾರ ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ದುಡ್ಡು ಕೈಗೆ ಬರುವ ಮೊದಲೇ ಅದರ ನೆರಳು ಪ್ಲಾಟುಗಳ ಮೇಲೆ ಬಿದ್ದಿದೆ. ಹೊಲ ಕಳೆದುಕೊಳ್ಳುವವರಿಗೆ ಎಲ್ಲಾದರೂ ಒಂದು ನೆಲೆ ಬೇಕೇಬೇಕು, ಮಾರುವವರಿಗೂ ಅದು ಗೊತ್ತು. ಬೀಳಗಿ ಪಟ್ಟಣ ಪಂಚಾಯಿತಿಯ ಊರು, ಸಣ್ಣದು, ಕಲ್ಲಿನ ಮನೆಗಳ ತಂಪು ಚೆನ್ನಾಗಿದೆ, ಅರೆತ್ತಿನ ಬಾವಿ ನೋಡಿ ಮಗಳು ಅಲ್ಲೇ ಕುಳಿತುಬಿಟ್ಟಳು. ಆದರೆ ಅಲ್ಲಿಂದ ಜಮಖಂಡಿಯ ಕಾಲೇಜಿಗೆ ದಿನಾ ಓಡಾಡುವುದು ಪತ್ನಿಗೆ ಆಗದ ಕೆಲಸ. ಪರಿಹಾರದ ಹಣ ಹಂಚಿಕೆಯಾಗುವ ಹೊತ್ತಿಗೆ ದರ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹೇಳುವ ಧೈರ್ಯ ಊರಿನ ಯಾರಿಗೂ ಇರಲಿಲ್ಲ. ಬಾಗಲಕೋಟೆಯಲ್ಲಿ ಕೆಲಸವಿರುವವರಿಗೆ ಬೀಳಗಿ ಒಳ್ಳೆಯ ಊರು. ಈ ಕುಟುಂಬಕ್ಕೆ ಅಲ್ಲ.

ಮುಧೋಳದಲ್ಲಿ ಪ್ಲಾಟು ತೋರಿಸುವವರ ಬಾಯಲ್ಲಿ ಎರಡು ಮಾತು: ಕಾರ್ಖಾನೆ ಮತ್ತು ರೈಲು. “ರೈಲ್ವೆ ಬಂತಂದ್ರ ಈ ರೇಟಿಗೆ ಮೂಲಿ ಜಾಗಾನೂ ಸಿಗೂದಿಲ್ರಿ” ಎಂಬುದು ಎಲ್ಲರ ಪಲ್ಲವಿ. ಅವರು ಹೇಳುವ ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರಿನದು, ಮಂಜೂರಾದದ್ದು 2010–11ರಲ್ಲಿ. ಬಾಗಲಕೋಟೆಯ ಕಡೆಯಿಂದ ಹಳಿ ಖಜ್ಜಿಡೋಣಿ ಮುಟ್ಟಲಿಕ್ಕೇ ವರ್ಷಗಳು ಹಿಡಿದವು. ರೈಲು ಬರುವುದಿಲ್ಲ ಎಂದಲ್ಲ, ಬರುತ್ತದೆ. ಆದರೆ ಬಾರದ ರೈಲಿನ ಟಿಕೆಟ್ ದರವನ್ನು ಇವತ್ತೇ ಪ್ಲಾಟಿನ ಬೆಲೆಯಲ್ಲಿ ಸೇರಿಸಿ ಕೊಟ್ಟವರು, ಅದಕ್ಕೆ ಬೀಳುವ ಬಡ್ಡಿಯನ್ನೂ ಲೆಕ್ಕ ಹಾಕಬೇಕಲ್ಲ? ಐದು ಲಕ್ಷ ಹೆಚ್ಚು ಕೊಟ್ಟು ಹತ್ತು ವರ್ಷ ಕಾದರೆ, ಶೇ 8ರ ಚಕ್ರಬಡ್ಡಿಯಲ್ಲಿ ಆ ಐದು ಲಕ್ಷ ಸುಮಾರು 10.8 ಲಕ್ಷವಾಗಿರುತ್ತದೆ. ಪ್ಲಾಟಿನ ದರ ಅಷ್ಟಾದರೂ ಏರಿದರೆ ಮಾತ್ರ ಸರಿಸಮ.

ಮುಧೋಳದಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ದಲಾಲರ ಬದಲು ಎದುರುಮನೆಯವರಿಗೆ ಕೇಳಿದರೆ ಒಳ್ಳೆಯದು: 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಆ ಸಲ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಿಲ್ಲೆಯ ದಂಡೆಯ ಊರುಗಳನ್ನು ಖಾಲಿ ಮಾಡಿಸಿದ್ದವು. ಮಳೆಗಾಲ ಜೋರಾದರೆ ಮುಧೋಳ–ಯಾದವಾಡ ಸೇತುವೆ ಇವತ್ತಿಗೂ ನೀರಿನಡಿ ಹೋಗುತ್ತದೆ. ಹೊಸದಾಗಿ ಬಣ್ಣ ಬಳಿದ ಒಂದು ಮನೆಯ ಬೆಲೆ ಸುತ್ತಲಿನವಕ್ಕಿಂತ ಎದ್ದು ಕಾಣುವಷ್ಟು ಕಡಿಮೆಯಿತ್ತು. ಎದುರಿನ ಅಜ್ಜಿ ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದರು. ಬೇರೇನೂ ಹೇಳಬೇಕಾಗಲಿಲ್ಲ.

ರಬಕವಿ–ಬನಹಟ್ಟಿ ಮಗ್ಗದ ಊರು. ಸಂಸಾರ ಇರುವುದೂ ದುಡಿಮೆ ನಡೆಯುವುದೂ ಒಂದೇ ಸೂರಿನಡಿ. ಮುಂದಿನ ಪಡಸಾಲೆಯಲ್ಲಿ ಪವರ್‌ಲೂಮು, ಹಿಂದೆ ಅಡುಗೆಮನೆ. ಇಂಥ ಮನೆಗಳು ನಾಲ್ಕೂ ಊರುಗಳ ಪೈಕಿ ಅಗ್ಗವಾಗಿ ಕಂಡವು, ಅಗ್ಗಕ್ಕೆ ಕಾರಣವೂ ಇತ್ತು. ಸೀರೆಯ ವ್ಯಾಪಾರ ಬಿದ್ದಾಗ ನೇಕಾರರು ಮೊದಲು ಕೈಹಾಕುವುದು ಸೊಸೈಟಿ ಸಾಲಕ್ಕೆ. ಆಸ್ತಿಯ ಉತಾರದಲ್ಲಿ ಆ ಸಾಲದ ಬೋಜಾ ಹಾಗೇ ಕುಳಿತಿರುತ್ತದೆ. ಮಾಲೀಕರು ಸುಳ್ಳು ಹೇಳುತ್ತಾರೆಂದಲ್ಲ. ಸಾಲ ತೀರಿಸಿ ಹತ್ತು ವರ್ಷವಾದರೂ ಬೋಜಾ ಕಮ್ಮಿ ಮಾಡಿಸಲು ಕಚೇರಿಗೆ ಹೋಗದೇ ಇರುವವರೂ ಇದ್ದಾರೆ. ಇನ್ನು ಸರ್ಕಾರದ ಯೋಜನೆಯಲ್ಲಿ ಹಂಚಿಕೆಯಾದ ಮನೆಯಾದರೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇದೆಯೇ ಎಂದು ಹಂಚಿಕೆ ಪತ್ರದಲ್ಲೇ ಓದಿ ನೋಡಬೇಕು. ಸಪ್ಪಳದ ಮಾತು ತೆಗೆದಾಗ ಒಬ್ಬ ನೇಕಾರರು, “ವಾರದಾಗ ರೂಢಿ ಆಗ್ತೈತ್ರಿ, ನಮಗ ಮಗ್ಗ ನಿಂತ್ರನ ನಿದ್ದಿ ಬರೂದಿಲ್ಲ” ಎಂದರು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿಗೆ ಹೋಗುವ ಮಗಳು ಅಪ್ಪನ ಮುಖ ನೋಡಿದಳು.

ಕಾಗದಪತ್ರದ ವಿಷಯಕ್ಕೆ ಬಂದರೆ ನಾಲ್ಕೂ ಊರಿಗೆ ಸಾಮಾನ್ಯವಾದ ಒಂದು ಸಂಗತಿಯಿದೆ. ಇದು ಹಳೆಯ ಮುಂಬೈ ಪ್ರಾಂತ್ಯದ ಭಾಗ. ಜಮಖಂಡಿ, ಮುಧೋಳ ಎರಡೂ ಸಂಸ್ಥಾನಗಳಾಗಿದ್ದು 1948ರಲ್ಲಿ ಅದರೊಳಗೆ ಸೇರಿದವು. ಹಾಗಾಗಿ ಹಳೆಯ ಪೇಟೆಯ ಮನೆಗೆ ಸಿಟಿ ಸರ್ವೆಯ ಉತಾರ ಒಂದು, ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ಖಾತೆ ಇನ್ನೊಂದು. ಎರಡರಲ್ಲೂ ಅದೇ ಹೆಸರು, ಅದೇ ಅಳತೆ ಇದ್ದರೆ ಅದೃಷ್ಟ. ಒಂದು ಮನೆಯ ಸಿಟಿ ಸರ್ವೆ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿತ್ತು, ವಾರಸುದಾರರು ಮೂರು ಊರುಗಳಲ್ಲಿ ಹಂಚಿಹೋಗಿದ್ದರು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ. ಮೊದಲಾದರೆ ‘ಆಮೇಲೆ ಮಾಡಿಸಿಕೊಳ್ಳೋಣ’ ಎಂದು ಸಾಗುತ್ತಿದ್ದ ವ್ಯವಹಾರಗಳು ಈಗ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ಮುಂಚೆಯೇ ನಿಲ್ಲುತ್ತವೆ. ಹೊಸ ಬಡಾವಣೆಯಾದರೆ ಎನ್.ಎ. (ಕೃಷಿಯೇತರ) ಆದೇಶ ಮತ್ತು ಮಂಜೂರಾದ ನಕಾಶೆ ಎರಡನ್ನೂ ಕೇಳಬೇಕು. ಎನ್.ಎ. ಆಗಿದೆ ಎಂದ ಮಾತ್ರಕ್ಕೆ ರಸ್ತೆ, ಚರಂಡಿ, ನಳದ ನೀರು ಬಂದವೆಂದಲ್ಲ. ಬಾಂಡ್ ಪೇಪರಿನ ಮೇಲೆ, ನೋಟರಿ ಮಾಡಿಸಿ ಗುಂಟೆ ಲೆಕ್ಕದಲ್ಲಿ ಮಾರುವ ಜಾಗಗಳನ್ನು ಅಂಕಣಕಾರ ಗಾಡಿಯಿಂದ ಇಳಿಯದೇ ಬಿಟ್ಟ.

ಈಗ ಆ 40 ಲಕ್ಷದ ಮನೆ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಿದ್ದಾರೆ. ಪಟ್ಟಣದ ಆಸ್ತಿಗೆ ಎಲ್ಲ ಸೇರಿ ಶೇ 7.6, ಅಂದರೆ 3.04 ಲಕ್ಷ. 30 ಲಕ್ಷ ದಾಟಿದ ಗೃಹಸಾಲಕ್ಕೆ ಬ್ಯಾಂಕು ಮೌಲ್ಯದ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಈ ಶುಲ್ಕಗಳನ್ನು ಆ ಮೌಲ್ಯದಲ್ಲಿ ಸೇರಿಸುವಂತೆಯೂ ಇಲ್ಲ. ಹೀಗಾಗಿ ಕೈಯಿಂದ ಹಾಕಬೇಕಾದದ್ದು 8 ಲಕ್ಷವಲ್ಲ, 11.04 ಲಕ್ಷ. ಉಳಿದ 32 ಲಕ್ಷಕ್ಕೆ ಶೇ 8ರಂತೆ ಇಪ್ಪತ್ತು ವರ್ಷದ ಕಂತು ತಿಂಗಳಿಗೆ ಸುಮಾರು 26,770 ರೂಪಾಯಿ. ಮೊದಲ ವರ್ಷ ಕಟ್ಟುವ 3.21 ಲಕ್ಷದಲ್ಲಿ ಎರಡೂವರೆ ಲಕ್ಷ ಬಡ್ಡಿಗೇ ಹೋಗುತ್ತದೆ.

ಬಾಡಿಗೆಗೆ ಹೋದರೆ? ಕೈಯಲ್ಲಿರುವ 11.04 ಲಕ್ಷವನ್ನು ಶೇ 6.5ರ ಠೇವಣಿಯಲ್ಲಿಟ್ಟರೆ ತಿಂಗಳಿಗೆ 5,980 ರೂಪಾಯಿ ಬಡ್ಡಿ. ತೆರಿಗೆಯ ಮಾತು ಬಿಟ್ಟರೆ, 9 ಸಾವಿರದ ಬಾಡಿಗೆಗೆ ಕಿಸೆಯಿಂದ ಹೋಗುವುದು ಮೂರು ಸಾವಿರ ಚಿಲ್ಲರೆ. ಕಂತಿಗೂ ಬಾಡಿಗೆಗೂ ನಡುವೆ ಉಳಿಯುವ ಹೆಚ್ಚುಕಡಿಮೆ 18 ಸಾವಿರವನ್ನು ಪ್ರತಿ ತಿಂಗಳೂ ಕೂಡಿಡುವ ಶಿಸ್ತು ಬೇಕು, ಅದಿಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಮನೆಯ ಬೆಲೆ ವರ್ಷಕ್ಕೆ ಶೇ 8ರಂತೆ ಏರುತ್ತಲೇ ಹೋದರೆ ಕೊಂಡವನೇ ಗೆಲ್ಲುತ್ತಾನೆ ಎಂಬುದೂ ನಿಜ. ಆದರೆ ಏರಿದ ಬೆಲೆಗೆ ಕೊಳ್ಳುವ ಗಿರಾಕಿ ಬೇಕಲ್ಲ. ಸಣ್ಣ ಊರಿನಲ್ಲಿ ಮನೆ ಮಾರಲು ಹೊರಟವರು ವರ್ಷಗಟ್ಟಲೆ ಕಾದದ್ದನ್ನು ಹುಡುಕಾಟದ ದಾರಿಯಲ್ಲೇ ಕಂಡದ್ದಾಯಿತು.

ಕಡಿಮೆ ಬೆಲೆಯ ಮನೆ ನೋಡುವವರಿಗೆ ಒಂದು ಅನುಕೂಲವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಆವೃತ್ತಿಯಲ್ಲಿ, ವರ್ಷಕ್ಕೆ 9 ಲಕ್ಷದೊಳಗಿನ ಆದಾಯವಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ, 35 ಲಕ್ಷದವರೆಗಿನ ಮನೆಗೆ ಪಡೆದ 25 ಲಕ್ಷದವರೆಗಿನ ಸಾಲದಲ್ಲಿ ಮೊದಲ 8 ಲಕ್ಷಕ್ಕೆ ಶೇ 4 ಬಡ್ಡಿ ಸಹಾಯಧನವಿದೆ. ಐದು ವಾರ್ಷಿಕ ಕಂತಿನಲ್ಲಿ ಹೆಚ್ಚೆಂದರೆ 1.80 ಲಕ್ಷ. ಅಂಕಣಕಾರನ ಮನೆಯ ಆದಾಯ ಆ ಗೆರೆ ದಾಟಿತ್ತು. ಬನಹಟ್ಟಿಯ ಮಗ್ಗದ ಮನೆ ನೋಡುವ ಅನೇಕರಿಗೆ ಇದು ಅನ್ವಯಿಸೀತು, ಉತಾರ ಸರಿಯಿದ್ದರೆ.

ಕೊನೆಗೆ ಒಪ್ಪಿಗೆಯಾದದ್ದು ಜಮಖಂಡಿಯ ಹಳೆಯ ಭಾಗದ ಒಂದು ಬಾಡಿಗೆ ಮನೆ, ರಟ್ಟು ತೂಗುತ್ತಿದ್ದ ಹೊಸ ಬಡಾವಣೆಯದಲ್ಲ. ಆ ಹೊಸ ಮನೆ ನೋಡಿ ತಾಯಿ ಒಂದೇ ಮಾತು ಹೇಳಿದ್ದರು: “ಮನಿ ಛಲೋ ಐತಿ. ಸಂಜಿಕ ಕುಂತು ಮಾತಾಡಾಕ ಒಂದ ಕಟ್ಟಿ ಇಲ್ಲ, ಮಂದೀನೂ ಇಲ್ಲ.” ಹಳೆಯ ಮನೆಗೆ ಕಟ್ಟೆಯಿದೆ, ಹಿತ್ತಿಲಿದೆ, ಬಚ್ಚಲು ಮಾತ್ರ ಇಕ್ಕಟ್ಟು. ಬಾಡಿಗೆ 8 ಸಾವಿರ, ಡಿಪಾಜಿಟ್ 50 ಸಾವಿರ, ಕರಾರು ಹನ್ನೊಂದು ತಿಂಗಳಿನದು. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆಂದು ಪಕ್ಕದ ಮನೆಯವರನ್ನು ಕೇಳಿ, ತೊಟ್ಟಿಯ ಅಳತೆ ನೋಡಿದ ಮೇಲೆಯೇ ಹಣ ಕೊಟ್ಟದ್ದು. ಬಚ್ಚಲಿನ ಗೋಡೆ ಒಡೆದು ದೊಡ್ಡದು ಮಾಡುವ ಖರ್ಚು ಮಾಲೀಕರದು ಎಂಬುದನ್ನೂ ಕರಾರಿನಲ್ಲಿ ಬರೆಸಲಾಯಿತು. ಅವರು ಸ್ವಲ್ಪ ಗೊಣಗಿದರು.

ಕೊಳ್ಳುವ ಯೋಚನೆ ಬಿಟ್ಟದ್ದಲ್ಲ, ಅದಕ್ಕೆ ಹಂಗಾಮು ನೋಡಬೇಕು ಅಷ್ಟೆ. ನುರಿಸಿದ ಕಬ್ಬಿಗೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15ರ ಬಡ್ಡಿ ಸೇರಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೀಗೆ ಬಿಲ್ಲು ಬರುವ ಚಳಿಗಾಲದ ತಿಂಗಳುಗಳಲ್ಲಿ ಪ್ಲಾಟು ಮಾರುವವರು ಒಂದು ರೂಪಾಯಿ ಇಳಿಯುವುದಿಲ್ಲ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳ ಭಾಗದ ರೈತರು ಬೀದಿಗಿಳಿದಿದ್ದಾಗ ಮಾತ್ರ ದಲಾಲರ ಫೋನು ಕೆಲಕಾಲ ಸುಮ್ಮನಿತ್ತು. ಕಾರ್ಖಾನೆಗಳು ನಿಂತು, ಬಿತ್ತನೆಗೂ ಶಾಲೆಯ ಫೀಜಿಗೂ ರೊಕ್ಕ ಬೇಕಾಗುವ ಜೂನ್, ಜುಲೈನಲ್ಲಿ ಅದೇ ಮಾರುವವರು ಕೂತು ಮಾತಾಡುತ್ತಾರೆ ಎಂಬುದು ಓಣಿಯ ಹಿರಿಯರ ಅನುಭವ. ಮಳೆಗಾಲದಲ್ಲಿ ನೋಡಿದರೆ ಮಾಳಿಗೆ ಸೋರುವುದೂ ಕಾಣುತ್ತದೆ, ಹೊಳೆಯ ನೀರು ಎಲ್ಲಿಗೆ ಬರುತ್ತದೆಂಬುದೂ ಗೊತ್ತಾಗುತ್ತದೆ. ಮುಧೋಳ ರಸ್ತೆಯ ಕಡೆ ಒಂದು ಮನೆ ಕಣ್ಣಲ್ಲಿದೆ. ಮಾಲೀಕರು 36 ಲಕ್ಷ ಎನ್ನುತ್ತಾರೆ, ಅಂಕಣಕಾರ 31ಕ್ಕೆ ನಿಂತಿದ್ದಾನೆ, ಇ-ಖಾತೆಗೆ ಅರ್ಜಿ ಹೋಗಿದೆ.