ಗೇರುಸಿಪ್ಪೆಯ ಎಣ್ಣೆ: ಪರಿಸರಸ್ನೇಹಿ ಕೀಲೆಣ್ಣೆಗೆ ಸಸ್ಯಮೂಲದ ಪೂರಕ

ಶಿರ್ತಾಡಿ, ಮೂಡುಬಿದಿರೆ, ವೇಣೂರು ಪರಿಸರದ ಗುಡ್ಡಗಳಲ್ಲಿ ಬೆಳೆಯುವ ಗೇರುಬೀಜದ ತಿರುಳಿಗೆ ಸಲ್ಲುವ ಬೆಲೆ ಸಿಪ್ಪೆಗೆ ಸಲ್ಲುವುದಿಲ್ಲ. ಕಚ್ಚಾ ಬೀಜದ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಿಪ್ಪೆಯೇ ಆಗಿದ್ದರೂ, ಅದು ಬಾಯ್ಲರಿಗೆ ಉರುವಲಾಗಿಯೋ ಎಣ್ಣೆ ತೆಗೆಯುವ ಘಟಕಗಳಿಗೋ ಅಗ್ಗವಾಗಿ ಸಾಗುವುದೇ ರೂಢಿ. ಬ್ರೇಕ್ ಲೈನಿಂಗ್, ಬಣ್ಣ ಮತ್ತು ರಾಳಗಳ ತಯಾರಿಕೆಯಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಈ ಎಣ್ಣೆಯನ್ನು ಶುದ್ಧೀಕರಿಸಿದರೆ, ಕೀಲೆಣ್ಣೆಗಳಲ್ಲಿ ಘರ್ಷಣೆ ಹಾಗೂ ಸವೆತವನ್ನು ತಗ್ಗಿಸುವ ಪೂರಕವಾಗಿಯೂ ಬಳಸಬಹುದು.

ಪೂರಕದ ಕಾರ್ಯವೇನು?

ಕೀಲೆಣ್ಣೆಯ ಬಹುಭಾಗ ಮೂಲತೈಲ, ಉಳಿದದ್ದು ಪೂರಕಗಳು. ಹರಳೆಣ್ಣೆ, ಹೊಂಗೆ ಎಣ್ಣೆ, ತೆಂಗಿನೆಣ್ಣೆಗಳು ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಉತ್ತಮ ಮೂಲತೈಲಗಳೇ ಹೌದು. ಆದರೆ ಹರಳು ಮತ್ತು ಹೊಂಗೆಯ ಎಣ್ಣೆಗಳು ಬಿಸಿ ಹಾಗೂ ಗಾಳಿಯ ಸಂಪರ್ಕದಲ್ಲಿ ಕ್ರಮೇಣ ಮಂದವಾಗುತ್ತವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟುತ್ತದೆ. ಭಾರ ಹೆಚ್ಚಿ ಎಣ್ಣೆಯ ಪದರ ತೆಳುವಾದಾಗ ಲೋಹಕ್ಕೆ ಲೋಹ ತಾಗುತ್ತದೆ. ಆಗ ನೆರವಿಗೆ ಬರುವುದೇ ಪೂರಕ.

ಗೇರುಸಿಪ್ಪೆಯ ಎಣ್ಣೆಯಿಂದ ದೊರೆಯುವ ಕಾರ್ಡನಾಲಿನ ಅಣುವಿನಲ್ಲಿ ಒಂದು ತುದಿಗೆ ಫೀನಾಲ್, ಇನ್ನೊಂದು ತುದಿಗೆ ಹದಿನೈದು ಇಂಗಾಲದ ಉದ್ದನೆಯ ಸರಪಳಿ ಇದೆ. ಫೀನಾಲ್ ಭಾಗ ಲೋಹವನ್ನು ಹಿಡಿದುಕೊಳ್ಳುತ್ತದೆ, ಎಣ್ಣೆ ಕೆಡುವುದನ್ನೂ ತಡೆಯುತ್ತದೆ. ಸರಪಳಿಯು ಮೇಲ್ಮೈಗಳ ನಡುವೆ ಜಾರುವ ಪದರವಾಗುತ್ತದೆ. ಇದಕ್ಕೆ ರಂಜಕವನ್ನು ಕೂಡಿಸಿದ ಸಂಯುಕ್ತಗಳು ಸವೆತ ನಿರೋಧಕಗಳಾಗಿ ಅಧ್ಯಯನಕ್ಕೊಳಗಾಗಿವೆ.

ಕಚ್ಚಾ ಎಣ್ಣೆ ಯಂತ್ರಕ್ಕಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಬೆಯಲ್ಲಿ ಬೇಯಿಸಿದ ಬೀಜದ ಸಿಪ್ಪೆಯನ್ನು ಹಿಂಡಿದಾಗ ಬರುವ ಎಣ್ಣೆಯಲ್ಲಿ ಪ್ರಧಾನವಾಗಿರುವುದು ಅನಾಕಾರ್ಡಿಕ್ ಆಮ್ಲ, ಕಾರ್ಡನಾಲ್ ಅಲ್ಲ. ಇಂಥ ಎಣ್ಣೆ ಚರ್ಮವನ್ನು ಸುಡುತ್ತದೆ; ಬೇರಿಂಗಿಗೆ ಹಾಕಿದರೆ ಲೋಹವನ್ನು ಕೊರೆಯಬಹುದು, ಕಾದಾಗ ಅಂಟಾಗಿ ಗಟ್ಟಿಯಾಗಬಹುದು. ಅಗ್ಗವೆಂದು ಇದನ್ನು ನೇರವಾಗಿ ಬೆರೆಸುವ ತಯಾರಕನು ಗ್ರಾಹಕನ ಯಂತ್ರವನ್ನೂ ತನ್ನ ಹೆಸರನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. ಎಣ್ಣೆಯನ್ನು ಕಾಯಿಸಿ ಇಂಗಾಲಾಮ್ಲವನ್ನು ಹೊರಹಾಕಿದಾಗ ಆಮ್ಲವು ಕಾರ್ಡನಾಲ್ ಆಗಿ ಮಾರ್ಪಡುತ್ತದೆ. ಅನಂತರ ನಿರ್ವಾತದಲ್ಲಿ ಬಟ್ಟಿಯಿಳಿಸಿ ಶುದ್ಧಗೊಳಿಸಬೇಕು. ಸಿಪ್ಪೆಯ ಎಣ್ಣೆಯ ಗುಣಮಟ್ಟಕ್ಕೆ ಐ.ಎಸ್. 840 ಎಂಬ ಭಾರತೀಯ ಮಾನಕವಿದೆ. ಖರೀದಿ ಪತ್ರದಲ್ಲಿ ಅದನ್ನು ನಮೂದಿಸುವುದು ಕ್ಷೇಮ.

ಪರೀಕ್ಷೆಯೇ ಪ್ರಮಾಣ

ಸವೆತವನ್ನು ಅಳೆಯಲು ನಾಲ್ಕು ಗುಂಡುಗಳ ಪರೀಕ್ಷೆ ಪ್ರಸಿದ್ಧವಾಗಿದೆ. ಎಣ್ಣೆಯಲ್ಲಿ ಬಿಗಿಯಾಗಿ ಕೂರಿಸಿದ ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು 40 ಕಿಲೋ ಭಾರ, 75 ಡಿಗ್ರಿ ಉಷ್ಣತೆಯಲ್ಲಿ ನಿಮಿಷಕ್ಕೆ 1,200 ಸುತ್ತಿನಂತೆ ಒಂದು ಗಂಟೆ ತಿರುಗಿಸಿ, ಕೆಳಗಿನ ಗುಂಡುಗಳ ಮೇಲಿನ ಸವೆದ ಗುರುತಿನ ವ್ಯಾಸವನ್ನು ಅಳೆಯುತ್ತಾರೆ. ಪೂರಕವಿಲ್ಲದ ಎಣ್ಣೆ ಹಾಗೂ ಪೂರಕವಿರುವ ಎಣ್ಣೆಗಳನ್ನು ಹೋಲಿಸಿದಾಗಲೇ ಲಾಭ ತಿಳಿಯುವುದು. ಪ್ರಮಾಣ ಹೆಚ್ಚಿದಷ್ಟೂ ಗುಣ ಹೆಚ್ಚುವುದಿಲ್ಲ. ಸಸ್ಯತೈಲವೂ ಪೂರಕವೂ ಲೋಹದ ಒಂದೇ ಮೇಲ್ಮೈಗಾಗಿ ಪೈಪೋಟಿ ನಡೆಸುವುದರಿಂದ, ಡೀಸೆಲ್ ಎಂಜಿನ್ ಎಣ್ಣೆಯಲ್ಲಿ ಫಲಿಸಿದ ಪ್ರಮಾಣ ಹರಳೆಣ್ಣೆಯಲ್ಲಿ ಫಲಿಸದಿರಬಹುದು. 'ಪರಿಸರಸ್ನೇಹಿ' ಎಂದು ಡಬ್ಬಿಯ ಮೇಲೆ ಮುದ್ರಿಸುವ ಮುನ್ನ ಜೈವಿಕ ವಿಘಟನೆಯ ಪರೀಕ್ಷೆಯೂ ಆಗಬೇಕು. ಸಸ್ಯಮೂಲದ್ದೆಂಬ ಮಾತ್ರಕ್ಕೆ ವಸ್ತುವು ಮಣ್ಣಿನಲ್ಲಿ ಬೇಗ ಕರಗುವುದೆಂದು ಹೇಳಲಾಗದು.

ಎಲ್ಲಿಂದ ಆರಂಭಿಸಬಹುದು?

ಎಂಜಿನ್ ಎಣ್ಣೆಯ ಮಾರುಕಟ್ಟೆ ದೊಡ್ಡ ಕಂಪೆನಿಗಳದ್ದು. ಅದರ ಪರೀಕ್ಷಾ ವೆಚ್ಚ ಸಣ್ಣ ಉದ್ದಿಮೆಗೆ ನಿಲುಕದು. ಆದರೆ ಮರ ಕೊಯ್ಯುವ ಚೈನ್ ಗರಗಸದ ಎಣ್ಣೆ ಮರಳಿ ಸಂಗ್ರಹವಾಗದೆ ಪೂರ್ತಿ ನೆಲ ಸೇರುತ್ತದೆ. ಅಡಿಕೆ, ರಬ್ಬರ್ ತೋಟಗಳ ನಡುವೆಯೇ ಬಾವಿ, ತೋಡುಗಳಿರುವ ನಮ್ಮ ಭಾಗದಲ್ಲಿ ಇದು ಗಮನಾರ್ಹ. ಇಂಥ ಬಳಕೆಗೆ ಸಸ್ಯತೈಲವೇ ತಕ್ಕದ್ದು. ಗೇರು ಕಾರ್ಖಾನೆ, ಎಣ್ಣೆ ಘಟಕ ಮತ್ತು ಮಿಶ್ರಣ ಮಾಡುವವರು ಒಟ್ಟಾಗಿ, ಸಮೀಪದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದ ನೆರವಿನಿಂದ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ, ಫಲಿತಾಂಶ ಕೈಸೇರಿದ ಬಳಿಕವೇ ಬಂಡವಾಳ ಹೂಡುವುದು ವಿವೇಕದ ಮಾರ್ಗ.