ಲೋಭಿಗಳ ಕೂಟ

ಕೂಡಿ ಕದ್ದ ಕಳ್ಳರು ಪಾಲಿನ ವೇಳೆಯಲ್ಲಿ ಒಬ್ಬರನ್ನೊಬ್ಬರು ವಂಚಿಸಿ ಹಾಳಾಗುವ ಕಥೆಯನ್ನು ದೂರದರ್ಶನದ ಪತ್ತೇದಾರಿ ಕಥೆಗಳಲ್ಲಿ ಹಲವರು ನೋಡಿರಬಹುದು. ಈ ಕಥೆ ಬಹು ಪ್ರಾಚೀನವಾದುದು. ಪಾಲಿ ಭಾಷೆಯ ಜಾತಕಗಳಲ್ಲಿ 48ನೆಯದಾದ ವೇದಬ್ಭ ಜಾತಕದಲ್ಲಿ ಇದು ಬಂದಿದೆ.

ಮಂತ್ರಬಲದಿಂದ ರತ್ನವೃಷ್ಟಿಯನ್ನು ಕರೆಯಬಲ್ಲ ಬ್ರಾಹ್ಮಣನೊಬ್ಬನನ್ನು 500 ಮಂದಿ ಕಳ್ಳರು ಸೆರೆಹಿಡಿದರು. ಶಿಷ್ಯನು ಬೇಡವೆಂದಿದ್ದರೂ ಅವನು ಬಿಡುಗಡೆಯ ಆಸೆಯಿಂದ ಮಂತ್ರವನ್ನು ಜಪಿಸಿದನು. ಧನವನ್ನು ಹೊತ್ತು ಹೊರಟವರನ್ನು ಬೇರೆ 500 ಮಂದಿ ಕಳ್ಳರು ತಡೆದರು. ಮತ್ತೊಮ್ಮೆ ವೃಷ್ಟಿಯಾಗಲು ಒಂದು ವರ್ಷ ಕಾಯಬೇಕೆಂದ ಬ್ರಾಹ್ಮಣನನ್ನು ಇವರು ಕೊಂದು, ಮೊದಲಿನ ಕಳ್ಳರನ್ನೂ ಕೊಂದು, ಬಳಿಕ ತಮ್ಮೊಳಗೇ ಕಾದಾಡಿ ಇಬ್ಬರೇ ಉಳಿದರು. ಒಬ್ಬನು ಕತ್ತಿ ಹಿಡಿದು ನಿಧಿಯ ಬಳಿ ನಿಂತನು; ಇನ್ನೊಬ್ಬನು ಅನ್ನ ತರಲು ಊರಿಗೆ ಹೋದನು. ತಂದವನು ಅನ್ನದಲ್ಲಿ ವಿಷವನ್ನು ಬೆರೆಸಿದ್ದನು. ನಿಂತವನು ಅವನನ್ನು ಕಡಿದು, ಆ ಅನ್ನವನ್ನುಂಡು ತಾನೂ ಸತ್ತನು. 14ನೆಯ ಶತಮಾನದ ಆಂಗ್ಲಕವಿ ಚಾಸರನು ಇಂಥದೇ ಕಥೆಯನ್ನು ಮೂವರು ಗೆಳೆಯರ ಮೇಲಿಟ್ಟು ಹೇಳಿದ್ದಾನೆ.

ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದುಂಟು. ಸಾವಿರ ಜನರ ಕೈಹಾಯ್ದ ನಿಧಿ ಇಬ್ಬರಿಗೆ ಉಳಿಯಿತು. ಒಬ್ಬೊಬ್ಬನ ಪಾಲು 500 ಪಟ್ಟು ಬೆಳೆಯಿತು. ಆದರೂ ಸಾಲಲಿಲ್ಲ. ಧನದ ಕೊರತೆಯಿಂದಲೇ ಲೋಭ ಹುಟ್ಟುವುದಾದರೆ ಅಲ್ಲಿಗೆ ಅದು ಅಡಗಬೇಕಾಗಿತ್ತು. ಲೋಭಿಯ ಕಣ್ಣು ತನ್ನ ಪಾಲಿನ ಮೇಲಿರದೆ ಪಾಲುಗಾರನ ಮೇಲಿರುತ್ತದೆ.

ನಾವು ಕಳ್ಳರಲ್ಲವೆಂದು ಗೃಹಸ್ಥರು ಸಮಾಧಾನಪಡಬಾರದು. ತಂದೆಯ ಹೊಲವನ್ನು ಹಂಚಿಕೊಂಡ ದಿನ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತು ನಿಶ್ಶಂಕೆಯಿಂದ ಉಣ್ಣಬಲ್ಲರೇ? ಉಣ್ಣಬಲ್ಲರಾದರೆ ಆ ಮನೆ ಉಳಿಯಿತು. ಇಲ್ಲವಾದರೆ, ವಿಷವು ಆಗಲೇ ಅನ್ನಕ್ಕೆ ಬಿದ್ದಿದೆಯೆಂದು ತಿಳಿಯಬೇಕು.