ಜಂಗಮವಾಣಿ: ದುರಸ್ತಿಯೋ, ಪರಿತ್ಯಾಗವೋ?

ಮನುಷ್ಯನು ನಿರ್ಮಿಸಿದ ಉಪಕರಣಗಳೆಲ್ಲವೂ ಒಂದಲ್ಲ ಒಂದು ದಿನ ಜೀರ್ಣಗೊಳ್ಳತಕ್ಕವೇ. ನೇಗಿಲಿನ ಗುಳ ಸವೆಯುತ್ತದೆ. ಬಂಡಿಯ ಅಚ್ಚು ಮುರಿಯುತ್ತದೆ. ಗುಳ ಸವೆದರೆ ಕಮ್ಮಾರನ ಕುಲುಮೆಗೆ, ಅಚ್ಚು ಮುರಿದರೆ ಬಡಿಗನ ಅಂಗಳಕ್ಕೆ ಹೋಗಬೇಕೆಂಬುದರಲ್ಲಿ ನಮ್ಮ ಹಿರಿಯರಿಗೆ ಸಂಶಯವಿರಲಿಲ್ಲ. ಇಂದು ಎಲ್ಲರ ಕೈಯಲ್ಲಿರುವ ಜಂಗಮವಾಣಿಯ, ಅಂದರೆ ಸ್ಮಾರ್ಟ್‌ಫೋನಿನ, ವಿಷಯದಲ್ಲಿ ಮಾತ್ರ ಅಂತಹ ನಿಶ್ಚಯವಿಲ್ಲ. ಅದು ಕೆಟ್ಟಾಗ ರಿಪೇರಿ ಮಾಡಿಸಬೇಕೆ, ಹೊಸದನ್ನು ಕೊಳ್ಳಬೇಕೆ ಎಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತನು ತೊಗರಿಯ ಧಾರಣೆಯನ್ನು ತಿಳಿಯುವುದೂ, ಅವನ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದೂ, ಬ್ಯಾಂಕಿನ ಹಣವನ್ನು ಕಳುಹಿಸುವುದೂ ಬಹುಮಟ್ಟಿಗೆ ಒಂದೇ ಯಂತ್ರದಿಂದ. ಕೊಂಕಲ್‌ನಂತಹ ಗ್ರಾಮದಿಂದ ಪೇಟೆಯ ಅಂಗಡಿಗೆ ಎರಡು ಸಲ ಅಲೆದರೆ ಎರಡು ದಿನದ ದುಡಿಮೆ ಹೋಯಿತು. ಆದುದರಿಂದ ಈ ವಿಷಯವನ್ನು ಸಿಟ್ಟಿನಿಂದಾಗಲಿ, ನೆರೆಯವನ ಹೊಸ ಫೋನನ್ನು ಕಂಡ ಆಸೆಯಿಂದಾಗಲಿ ತೀರ್ಮಾನಿಸದೆ, ಕ್ರಮವಾಗಿ ವಿಚಾರಿಸುವುದು ಯುಕ್ತ.

ಚಿಕಿತ್ಸೆಯ ನಾಲ್ಕು ಪಾದಗಳು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ನಾಲ್ಕೂ ಗುಣಯುಕ್ತವಾಗಿದ್ದರೆ ರೋಗ ಶಮನವಾಗುತ್ತದೆ. ಫೋನಿನ ದುರಸ್ತಿಗೂ ಇದೇ ನ್ಯಾಯವನ್ನು ಅನ್ವಯಿಸಬಹುದು. ರಿಪೇರಿ ಮಾಡುವ ಯುವಕನೇ ವೈದ್ಯ, ಬಿಡಿಭಾಗವೇ ದ್ರವ್ಯ, ಫೋನಿನ ಒಡೆಯನೇ ಪರಿಚಾರಕ, ಯಂತ್ರವೇ ರೋಗಿ.

ರಿಪೇರಿ ಕೆಟ್ಟಿತೆಂದು ನಾವು ಸಾಮಾನ್ಯವಾಗಿ ದೂರುವುದು ವೈದ್ಯನನ್ನು. ಆದರೆ ವಿಚಾರಿಸಿ ನೋಡಿದರೆ ಅನೇಕ ವೇಳೆ ಕೊರತೆಯಿರುವುದು ದ್ರವ್ಯದಲ್ಲಿ. ನಾಲ್ಕೈದು ವರ್ಷದ ಹಳೆಯ ಮಾದರಿಗೆ ಕಂಪನಿಯ ಅಸಲು ಡಿಸ್‌ಪ್ಲೇ ದೊರೆಯದು, ದೊರೆತದ್ದು ನಕಲು. ಬ್ಯಾಟರಿಯನ್ನು ಅಂಟಿನಿಂದ ಬಂಧಿಸಿರುವುದರಿಂದ ಬಿಚ್ಚುವಾಗಲೇ ಬೇರೊಂದು ಭಾಗಕ್ಕೆ ಪೆಟ್ಟು ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಅಸಲು ಭಾಗವನ್ನೇ ಜೋಡಿಸಿದರೂ ಕಂಪನಿಯ ತಂತ್ರಾಂಶ ಅದನ್ನು ಒಪ್ಪುವವರೆಗೆ ಎಲ್ಲ ಗುಣಗಳೂ ಕೆಲಸಮಾಡವು. ಇಂತಹ ಸ್ಥಿತಿಯಲ್ಲಿ ಕುಶಲನಾದ ಕೆಲಸಗಾರನೂ ಔಷಧವಿಲ್ಲದ ವೈದ್ಯನಂತೆ ನಿಸ್ಸಹಾಯಕನು. ಅವನ ಮೇಲೆ ಕೋಪಗೊಳ್ಳುವ ಮೊದಲು, ಹಾಕುವ ಭಾಗ ಅಸಲೋ ನಕಲೋ, ಎಷ್ಟು ದಿನದ ಖಾತ್ರಿ, ರಸೀದಿ ಕೊಡುವರೋ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಪರಿಚಾರಕನ ಧರ್ಮ. ರಸೀದಿಯಿದ್ದು ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ರಸೀದಿಯಿಲ್ಲದಿದ್ದರೆ ದೂರನ್ನು ಸಿದ್ಧಪಡಿಸುವುದು ಕಷ್ಟ.

ರೋಗದ ನಾಲ್ಕು ಬಗೆ

ಅದೇ ಗ್ರಂಥವು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ಚಿಕಿತ್ಸೆಗೆ ಮುನ್ನ ರೋಗ ಯಾವ ವರ್ಗದ್ದೆಂದು ಅರಿಯದವನು ಹಣವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾನೆ. ಫೋನಿನ ರೋಗಗಳನ್ನೂ ಹೀಗೆಯೇ ವಿಂಗಡಿಸೋಣ.

ಸುಖಸಾಧ್ಯ: ಚಾರ್ಜು ಬೇಗ ಇಳಿಯುವುದು, ಚಾರ್ಜಿಂಗ್ ಪಿನ್ನು ಸಡಿಲವಾಗುವುದು, ಧೂಳಿನಿಂದ ಧ್ವನಿ ಕುಗ್ಗುವುದು. ಇಂದಿನ ಫೋನುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಶೋಧಕ್ಕಾಗಿ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪ್ರತಿ ಬಾರಿ ತುಂಬಿ ಬರಿದಾದಂತೆ ಅದರ ಧಾರಣಶಕ್ತಿ ಸ್ವಲ್ಪ ಸ್ವಲ್ಪವಾಗಿ ಕುಂದುತ್ತದೆ. ಉಷ್ಣತೆಯು ಅದಕ್ಕೆ ಶತ್ರು. ಸುಮಾರು 35 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ ಬಳಸಬಾರದೆಂದು ಅನೇಕ ತಯಾರಕರು ಸೂಚಿಸುತ್ತಾರೆ. ನಮ್ಮ ಭಾಗದ ಬೇಸಿಗೆಯೋ 40ನ್ನು ದಾಟುವಂತಹುದು. ಹೊಲದ ಬದುವಿನ ಮೇಲೆ ಬಿಸಿಲಿಗಿಟ್ಟ ಫೋನು ಬೇಗ ಮುಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ. ಬ್ಯಾಟರಿ ಬದಲಾಯಿಸಿದರೆ ಇಂತಹ ಫೋನು ಮತ್ತೆ ತರುಣವಾಗುತ್ತದೆ. ಆದರೆ ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ದರೆ ಒಂದು ಕ್ಷಣವೂ ಚಾರ್ಜಿಗೆ ಹಾಕದೆ, ಚುಚ್ಚದೆ, ಒತ್ತದೆ ಅಂಗಡಿಗೆ ಒಯ್ಯಬೇಕು. ಅದು ಬೆಂಕಿಗೆ ಕಾರಣವಾಗಬಲ್ಲುದು. ಇನ್ನು ಕೇವಲ ನಿಧಾನವಾಗಿ ನಡೆಯುವ ಫೋನು ಹಲವು ಬಾರಿ ರೋಗಿಯೇ ಅಲ್ಲ. ಚಿತ್ರ, ಚಲಚ್ಚಿತ್ರಗಳ ಅತಿಭೋಜನದಿಂದ ಅಜೀರ್ಣವಾಗಿರುತ್ತದೆ. ಅವನ್ನು ತೆಗೆದರೆ ಸಾಕು.

ಕೃಚ್ಛ್ರಸಾಧ್ಯ: ಡಿಸ್‌ಪ್ಲೇ ಒಡೆಯುವುದು, ನೀರು ಹೊಕ್ಕುವುದು. ಇಲ್ಲಿ ಗುಣವಾಗುವುದು ಸಾಧ್ಯ, ಆದರೆ ವೆಚ್ಚ ಹೆಚ್ಚು, ಫಲ ಸಂದಿಗ್ಧ. ಮುಂದೆ ಹೇಳುವ ಲೆಕ್ಕವನ್ನು ಇಂತಹ ಪ್ರಸಂಗದಲ್ಲಿ ಅವಶ್ಯವಾಗಿ ಹಾಕಬೇಕು.

ಯಾಪ್ಯ: ಪೂರ್ಣ ಗುಣವಾಗದಿದ್ದರೂ ಪಥ್ಯದಿಂದ ಬಹುಕಾಲ ನಡೆಸಿಕೊಂಡು ಹೋಗಬಹುದಾದುದು ಯಾಪ್ಯ. ಶರೀರ ಗಟ್ಟಿಯಾಗಿದ್ದು, ತಯಾರಕನು ತಂತ್ರಾಂಶದ ರಕ್ಷಣೆಯನ್ನು ನಿಲ್ಲಿಸಿದ ಫೋನು ಈ ವರ್ಗದ್ದು. ಇದನ್ನು ಜನರು ಗಮನಿಸುವುದೇ ಕಡಿಮೆ. ಏಕೆಂದರೆ ಕಣ್ಣಿಗೆ ಏನೂ ಕೆಟ್ಟಿರುವುದಿಲ್ಲ. ಆದರೆ ತಂತ್ರಾಂಶದಲ್ಲಿ ದಿನೇದಿನೇ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿಲ್ಲದೆ ಕಳ್ಳನಿಗೆ ದಾರಿಯಾಗುತ್ತದೆ. ಕ್ರಮೇಣ ಅವಶ್ಯ ಸೇವೆಗಳೂ ನಿಲ್ಲುತ್ತವೆ. 2023ರ ಅಕ್ಟೋಬರಿನಲ್ಲಿ ವಾಟ್ಸಾಪ್ ಆಂಡ್ರಾಯ್ಡ್ 5ಕ್ಕಿಂತ ಹಿಂದಿನ ಫೋನುಗಳನ್ನು ಕೈಬಿಟ್ಟಿತು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟಿನ ದಿನಾಂಕ ಕಾಣುತ್ತದೆ. ಅದು ಒಂದೆರಡು ವರ್ಷ ಹಿಂದಿನದಾಗಿದ್ದು, ಹೊಸ ಅಪ್‌ಡೇಟು ಬಾರದಿದ್ದರೆ ಆ ಫೋನಿಗೆ ಪಥ್ಯವನ್ನು ವಿಧಿಸಬೇಕು: ಯುಪಿಐ ಬೇಡ, ಬ್ಯಾಂಕಿನ ಓಟಿಪಿ ಬರುವ ಸಿಮ್ ಬೇಡ. ಪಾಠ ಕೇಳುವುದಕ್ಕೆ, ನಿಘಂಟು ನೋಡುವುದಕ್ಕೆ, ಚಿತ್ರ ತೆಗೆಯುವುದಕ್ಕೆ ಅದು ಇನ್ನೂ ಕೆಲವು ವರ್ಷ ಬಾಳುತ್ತದೆ. ಮನೆಗೆ ಒಂದೇ ಫೋನಿದ್ದು, ಹಣದ ವ್ಯವಹಾರವೂ ಅದರಲ್ಲಿಯೇ ನಡೆಯುವುದಾದರೆ, ಅದು ಎಷ್ಟು ಹೊಳೆಯುತ್ತಿದ್ದರೂ ಬದಲಾಯಿಸುವ ಕಾಲ ಬಂದಿತೆಂದೇ ತಿಳಿಯತಕ್ಕದ್ದು.

ಅಸಾಧ್ಯ: ಬೋರ್ಡು ಸುಟ್ಟದ್ದು, ಒಮ್ಮೆ ಗುಣವಾಗಿ ಮತ್ತೆ ಮತ್ತೆ ಅದೇ ದೋಷ ತೋರುವುದು, ಬಿಡಿಭಾಗವೇ ದೊರೆಯದ ಮಾದರಿ. ಇಲ್ಲಿ ಮೋಹವನ್ನು ಬಿಡಬೇಕು.

ವರ್ಷದ ಲೆಕ್ಕ

ರಿಪೇರಿಗೆ ಎಷ್ಟು ರೂಪಾಯಿ ಎಂದಷ್ಟೇ ಕೇಳಬಾರದು. ಆ ರೂಪಾಯಿಗೆ ಎಷ್ಟು ವರ್ಷದ ಆಯುಸ್ಸು ದೊರೆಯುವುದೆಂದು ಕೇಳಬೇಕು. ಉದಾಹರಣೆಗೆ, ಹೊಸ ಫೋನಿನ ಬೆಲೆ 12,000 ರೂಪಾಯಿ, ಬಾಳಿಕೆ ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,000 ಆಯಿತು. ಹಳೆಯ ಫೋನಿಗೆ 1,200 ರೂಪಾಯಿಯ ಬ್ಯಾಟರಿ ಹಾಕಿಸಿದರೆ ಎರಡು ವರ್ಷ ನಡೆಯುವುದಾದರೆ ವರ್ಷಕ್ಕೆ 600 ಮಾತ್ರ. ನಿಸ್ಸಂದೇಹವಾಗಿ ದುರಸ್ತಿಯೇ ಲೇಸು. ಅದೇ ಫೋನಿಗೆ 4,500 ರೂಪಾಯಿಯ ಡಿಸ್‌ಪ್ಲೇ ಹಾಕಿಸಿ, ಅದರ ತಂತ್ರಾಂಶರಕ್ಷಣೆ ಒಂದೇ ವರ್ಷ ಉಳಿದಿದ್ದರೆ ವರ್ಷಕ್ಕೆ 4,500. ಅಲ್ಲಿ ಹೊಸದೇ ಲಾಭಕರ. ಈ ಸರಳ ಭಾಗಾಕಾರವನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ತಂದೆತಾಯಿಗಳಿಗೆ ಮಾಡಿ ತೋರಿಸಬಲ್ಲರು.

ಕೊಳ್ಳುವಾಗಲೂ ಇದೇ ದೃಷ್ಟಿಯಿರಲಿ. 2023ರಿಂದೀಚೆಗೆ ಗೂಗಲ್, ಸ್ಯಾಮ್‌ಸಂಗ್ ಕಂಪನಿಗಳು ತಮ್ಮ ದುಬಾರಿ ಮಾದರಿಗಳಿಗೆ ಏಳು ವರ್ಷದ ಅಪ್‌ಡೇಟನ್ನು ಘೋಷಿಸಿವೆ. ಅಗ್ಗದ ಮಾದರಿಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಹಳೆಯ ಫೋನು ಕೊಳ್ಳುವವರು *#06# ಒತ್ತಿ ಬರುವ 15 ಅಂಕೆಯ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಪರೀಕ್ಷಿಸಿದರೆ ಕಳವಿನ ಮಾಲಿನಿಂದ ಪಾರಾಗಬಹುದು.

ದುರಸ್ತಿಯ ಹಕ್ಕು

ದ್ರವ್ಯದ ಕೊರತೆ ನಮ್ಮ ಊರಿನದು ಮಾತ್ರವಲ್ಲ. ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ತಾಣವನ್ನು ಆರಂಭಿಸಿತು. ಫೋನುಗಳಿಗೆ ದುರಸ್ತಿಯೋಗ್ಯತೆಯ ಅಂಕ ನೀಡುವ ಬಗೆಗೆ ನೇಮಿಸಿದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿಯನ್ನು ಒಪ್ಪಿಸಿತು. ಮಾರಿದವನಿಗೆ ದುರಸ್ತಿಯ ಹೊಣೆಯೂ ಉಂಟೆಂಬ ತತ್ತ್ವ ಇವೆಲ್ಲವುಗಳ ತಿರುಳು.

ಪರಿತ್ಯಾಗದ ವಿಧಿ

ಬಿಡುವುದಕ್ಕೂ ಕ್ರಮವುಂಟು. ಮೊದಲು ವಿಳಾಸ, ಚಿತ್ರ, ದಾಖಲೆಗಳನ್ನು ಬೇರೆಡೆ ಉಳಿಸಿಕೊಂಡು, ಖಾತೆಗಳಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡು ತೆಗೆದು, ಬಳಿಕ ಫೋನನ್ನು ಪೂರ್ಣ ಅಳಿಸಬೇಕು. ಕಸದ ತಿಪ್ಪೆಗೆ ಎಸೆಯುವುದಾಗಲಿ, ತಾಮ್ರದ ಆಸೆಯಿಂದ ಸುಡುವುದಾಗಲಿ ಕೂಡದು. ಅದರ ವಿಷ ಗಾಳಿಗೂ ಮಣ್ಣಿಗೂ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಕಂಪನಿಯ ಸೇವಾಕೇಂದ್ರದಲ್ಲಿ ವಿಚಾರಿಸಿ ಒಪ್ಪಿಸುವುದು ಸರಿಯಾದ ಮಾರ್ಗ.

ದಾನಿಗಳಲ್ಲಿ ಒಂದು ವಿಜ್ಞಾಪನೆ

ಕನ್ನಡ ನಾಡಿನ ದಾನಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಪದೇ ಪದೇ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಜೀರ್ಣವಾದುದನ್ನು ಸರಿಪಡಿಸಲೆಂದೇ ಹಿಂದಿನವರು ಭೂಮಿಯನ್ನು ಬಿಟ್ಟರು. ಕಟ್ಟಿಸುವುದರ ಜೊತೆಗೆ ಕಾಪಾಡುವುದೂ ದಾನದ ಅಂಗವೆಂಬುದನ್ನು ಅವರು ಅರಿತಿದ್ದರು. ಇಂದು ಬಡ ವಿದ್ಯಾರ್ಥಿಗಳಿಗೆ ಫೋನನ್ನೋ ಟ್ಯಾಬನ್ನೋ ಕೊಡಿಸುವ ಉದಾರಿಗಳು ಹಲವರಿದ್ದಾರೆ. ಅವರು ಕೊಡುವ ಯಂತ್ರಕ್ಕೆ ಎಷ್ಟು ವರ್ಷದ ಅಪ್‌ಡೇಟು ಉಳಿದಿದೆಯೆಂದು ನೋಡಿ ಕೊಡಲಿ. ಒಂದು ಬ್ಯಾಟರಿಯ ವೆಚ್ಚವನ್ನೂ ಜೊತೆಗಿರಿಸಲಿ. ಹಾಗಾದರೆ ಒಂಬತ್ತನೆಯ ತರಗತಿಯಲ್ಲಿ ಪಡೆದ ಫೋನು ದ್ವಿತೀಯ ಪಿಯುಸಿ ಪರೀಕ್ಷೆಯವರೆಗೂ ಆ ಮಗುವಿನ ಜೊತೆಗಿರುತ್ತದೆ. ಅಧ್ಯಾಪಕ ಬಂಧುಗಳು ಶಾಲೆಯ ಸಾಧನಗಳ ಖರೀದಿಯ ದಿನ, ರಿಪೇರಿಯ ದಿನ, ತಗುಲಿದ ವೆಚ್ಚ ಇವುಗಳನ್ನು ಒಂದು ವಹಿಯಲ್ಲಿ ಬರೆದಿಡಲಿ. ದುರಸ್ತಿಯೋ ಪರಿತ್ಯಾಗವೋ ಎಂಬ ಪ್ರಶ್ನೆ ಮುಂದೆ ಎದ್ದಾಗ ಆ ವಹಿಯೇ ಉತ್ತರ ಕೊಡುತ್ತದೆ.